ಬಾಗಿಲಲ್ಲಿ ಎತ್ತಿದ ಕೈ

ಗುರುವಾರ, ಹನ್ನೊಂದನೆಯ ತಾರೀಖು
ಮಧ್ಯಾಹ್ನ

ಚಿರಂಜೀವಿ ಮಗನಿಗೆ,

ನಿನ್ನ ಅಮ್ಮನ ಆಶೀರ್ವಾದಗಳು. ಇಲ್ಲಿ ನಾವು ಮೂವರೂ ಉಣ್ಣುತ್ತಾ, ಮಲಗುತ್ತಾ, ಏಳುತ್ತಾ ಇದ್ದೇವೆ; ಅದಕ್ಕೆ ಕ್ಷೇಮ ಎಂಬ ಹೆಸರಿದ್ದರೆ ಕ್ಷೇಮವಾಗಿದ್ದೇವೆ. ನೀನು ಊರೂರು ಸುತ್ತಿ ಕಾರ್ಖಾನೆಗಳ ತೂಕದ ಯಂತ್ರಗಳನ್ನು ಪರೀಕ್ಷಿಸುತ್ತಾ ಆರೋಗ್ಯವಾಗಿದ್ದೀ ಎಂದು ಸೊಸೆಯಿಂದ ತಿಳಿಯಿತು.

ಭಾನುವಾರದಿಂದ ನೀನು ಎಷ್ಟು ಸಲ ಕರೆ ಮಾಡಿದರೂ ನಾನು ಮಾತನಾಡಲಿಲ್ಲ. ಉತ್ತರ ತಡವಾದುದಕ್ಕೆ ಕ್ಷಮಿಸು. ಮೊಣಕಾಲ ನೋವಿನಿಂದ ಅತ್ತೆಗೆ ಏಳಲಾಗುತ್ತಿಲ್ಲವೆಂದು ಸೊಸೆ ನಿನಗೆ ಹೇಳಿದಳಂತೆ. ಅವಳು ಒಳ್ಳೆಯವಳು, ನನ್ನ ಪರವಾಗಿ ಸುಳ್ಳು ಹೇಳಿದಳು. ನಿಜವಾದ ಕಾರಣ ಸಿಟ್ಟು. ಎದುರಿಗೆ ಸಿಕ್ಕಿದ್ದರೆ ಬಾಯಿಗೆ ಬಂದಂತೆ ಬೈದುಬಿಡುತ್ತಿದ್ದೆ. ಬೈಯುವಾಗ ವಾಕ್ಯಗಳು ಕೆಡುತ್ತವೆ, ಅದು ನನಗೆ ಆಗದು. ದೂರವಾಣಿಯಲ್ಲಾದರೆ ನಾನು ಎರಡು ಮಾತು ಮುಗಿಸುವ ಮೊದಲೇ ನೀನು, "ಅಮ್ಮಾ, ಇಲ್ಲಿ ಗಲಾಟೆ, ಆಮೇಲೆ ಮಾತಾಡೋಣ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ನೀನು ಕೆಳಗಿಟ್ಟರೂ ಅದು ಹೇಳಬೇಕಾದುದನ್ನು ಹೇಳುತ್ತಲೇ ಇರುತ್ತದೆ.

ನೀನು ದಿನವೂ ಕೇಳುತ್ತಿರುವ ಪ್ರಶ್ನೆಗೆ ಮೊದಲು ಉತ್ತರ. ಇಲ್ಲ, ಇನ್ನೂ ಕೊಟ್ಟಿಲ್ಲ. ಸೊಸೆ ರಾಜೀನಾಮೆಯನ್ನು ಬರೆದಿದ್ದಾಳೆ. ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋಗುತ್ತಾಳೆ, ಹಾಗೆಯೇ ಹಿಂದಕ್ಕೆ ತರುತ್ತಾಳೆ. ಸೋಮವಾರ ಕೊಡುವುದಾಗಿ ನಿನಗೆ ಮಾತು ಕೊಟ್ಟಿದ್ದಾಳಂತೆ. ಕ್ಷ-ಕಿರಣ ವಿಭಾಗದ ಮುಖ್ಯಸ್ಥೆಯೆಂದು ಅವಳನ್ನು ನೇಮಿಸಿ ಇನ್ನೂ ತಿಂಗಳು ತುಂಬಿಲ್ಲ. ಇಷ್ಟು ವರ್ಷ ಪರರ ಎಲುಬುಗಳನ್ನು ಬೆಳಕಿಗೆ ಹಿಡಿದು ನೋಡಿ ಗಳಿಸಿದ ಸ್ಥಾನವನ್ನು ಸೋಮವಾರ ಬೆಳಗ್ಗೆ ಅವಳು ಮೇಜಿನ ಮೇಲಿಟ್ಟು ಬರಬೇಕು. ಏಕೆ? ನೀನು ಮಗಳ ಶಾಲೆಯ ಸಭೆಯಲ್ಲಿ ಎದ್ದು ನಿಂತು ನನ್ನನ್ನು ಹೊಗಳಿದೆ, ಅದಕ್ಕೆ.

ಆ ಸಭೆಯಲ್ಲಿ ನಾನೂ ಇದ್ದೆನೆಂಬುದನ್ನು ನೀನು ಮರೆತಂತಿದೆ. ಸೊಸೆಗೆ ರಜೆ ಸಿಗದೆ, ಅವಳ ಬದಲು ನಾನು ನಿನ್ನೊಡನೆ ಬಂದಿದ್ದೆ. ಸಭಾಂಗಣದ ಬಾಗಿಲಲ್ಲಿ ಒಬ್ಬ ಶಿಕ್ಷಕಿ ನಿಂತು, ಮಗುವಿನ ತಾಯಿ ಕೆಲಸಕ್ಕೆ ಹೋಗುತ್ತಾರೋ ಮನೆಯಲ್ಲಿರುತ್ತಾರೋ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. ಹೋಗುವವರ ಮನೆಯವರು ಎಡಕ್ಕೆ, ಇರುವವರ ಮನೆಯವರು ಬಲಕ್ಕೆ. "ಮಗುವಿನ ತಾಯಿ ಹೋಗುತ್ತಾಳೆ, ಅಜ್ಜಿ ಇರುತ್ತಾಳೆ, ನಾನು ನಡುವೆ ನಿಲ್ಲಲೇ?" ಎಂದು ಕೇಳಿದೆ. ನೀನು ನನ್ನ ಮೊಣಕೈ ಹಿಡಿದು, "ಅಮ್ಮಾ, ಇಲ್ಲಿ ಶುರು ಮಾಡ್ಬೇಡ" ಎಂದು ಎಡಕ್ಕೆ ಎಳೆದುಕೊಂಡು ಹೋದೆ. ಮಕ್ಕಳನ್ನೂ ಮುಂದಿನ ಸಾಲುಗಳಲ್ಲಿ ಹಾಗೆಯೇ ಎಡಬಲ ಮಾಡಿ ಕೂರಿಸಿದ್ದರು. ನಮ್ಮ ಮೊಳೆ ಎಡತುದಿಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತಿತ್ತು. ನಿನ್ನ ಮಗಳನ್ನು ನಾನು ಮೊಳೆ ಎಂದು ಕರೆಯುವುದು ನಿನಗೆ ಇಷ್ಟವಿಲ್ಲ, ಗೊತ್ತು. ಹದಿಮೂರು ತುಂಬಿದರೂ ಒಂದಕ್ಷರದ ಸೀಸದ ಅಚ್ಚುಮೊಳೆಯಷ್ಟೇ ಇದೆ, ಇಟ್ಟ ಕಡೆ ಅಷ್ಟೇ ನೆಟ್ಟಗೆ ಕೂರುತ್ತದೆ. ನಾನು ಬೇರೆ ಏನೆಂದು ಕರೆಯಲಿ?

ಆಮೇಲೆ ಆ ಆಪ್ತಸಲಹೆಗಾರ ಮಹಾಶಯರು ವೇದಿಕೆಗೆ ಬಂದರು. ಅಂಗಿಯಷ್ಟೇ ಅಚ್ಚುಕಟ್ಟಾಗಿ ಮುಖಕ್ಕೂ ಇಸ್ತ್ರಿ ಹಾಕಿಸಿಕೊಂಡ ಮನುಷ್ಯ. ಗೋಡೆಯ ಮೇಲೆ ಬೆಳಕು ಬಿಟ್ಟು ಎರಡು ಕಂಬಗಳ ಚಿತ್ರ ತೋರಿಸಿದರು. ಎತ್ತರದ ಕಂಬ ಮನೆಯಲ್ಲಿರುವ ತಾಯಂದಿರ ಮಕ್ಕಳ ಆತ್ಮವಿಶ್ವಾಸವಂತೆ. ಗಿಡ್ಡದ್ದು ದುಡಿಯಲು ಹೋಗುವ ತಾಯಂದಿರ ಮಕ್ಕಳದ್ದಂತೆ. ಎರಡರ ಅಂತರ ಎಷ್ಟೆಂದರೆ, ಕನ್ನಡಕವನ್ನು ಒರೆಸಿಕೊಂಡು ನೋಡಿದರೆ ಕಾಣುವಷ್ಟು. ಬೆಂಬಲ ಕೊಡಬೇಕಾಗಿದೆ, ಸಮಯ ನೀಡಬೇಕಾಗಿದೆ, ಮಾತು ಆಲಿಸಬೇಕಾಗಿದೆ ಎಂದು ಹೇಳುತ್ತಾ ಹೋದರು. ಕೊಡಬೇಕಾದವರು ಯಾರು, ಆಲಿಸಬೇಕಾದವರು ಯಾರು ಎಂಬುದು ಒಂದು ವಾಕ್ಯದಲ್ಲೂ ಇರಲಿಲ್ಲ. ಕರ್ತೃವನ್ನು ಹೀಗೆ ನುಂಗಿಹಾಕಿದ ಬರಹವೇನಾದರೂ, ನಾನು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದಾಗ ನನ್ನ ಮೇಜಿಗೆ ಬಂದಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹಿಂದಕ್ಕೆ ಕಳುಹಿಸುತ್ತಿದ್ದೆ. ಅಲ್ಲಿ ಎದ್ದು ನಿಂತು ಕೇಳಿದೆ. ನಿನಗೆ ನಾಚಿಕೆಯಾಯಿತು, ಆದರೂ ಕೇಳಿದೆ.

"ತಂದೆಯರ ಕಂಬ ಎಲ್ಲಿದೆ ಸ್ವಾಮಿ?"

"ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರೋದಿಲ್ಲ ಅಜ್ಜಿ" ಎಂದು ಅವರು ನಕ್ಕರು. ಸಭೆಯೂ ನಕ್ಕಿತು. ನೀನೂ ನಕ್ಕೆ.

ಅದನ್ನಾದರೂ ಮರೆತೇನು. ಆಮೇಲೆ ನಡೆದುದನ್ನು ಮರೆಯಲಾರೆ. ಯಾರಾದರೂ ತಮ್ಮ ಅನುಭವ ಹೇಳಬಹುದೇ ಎಂದು ಅವರು ಕೇಳಿದ ಕೂಡಲೇ ನೀನು ಎದ್ದೆ. ಧ್ವನಿವರ್ಧಕ ಬೇಡವೆಂದೆ. ಬೇಕಾಗಿಯೂ ಇರಲಿಲ್ಲ, ನಿನ್ನ ಗಂಟಲು ಕೊನೆಯ ಸಾಲಿನ ಗೋಡೆಗೆ ಬಡಿದು ಹಿಂದಿರುಗುವಂಥದು. ನೀನು ಆಡಿದ ಮಾತು ಇದು. ಒಂದಕ್ಷರ ತಪ್ಪಿದ್ದರೆ ಹೇಳು:

"ನಾನು ಇವತ್ತು ನಾಲ್ಕು ಜನರ ಮುಂದೆ ನಿಂತು ಮಾತಾಡ್ತೀನಿ ಅಂದ್ರೆ ಅದಕ್ಕೆ ನಮ್ಮಮ್ಮನೇ ಕಾರಣ. ಅಮ್ಮ ಯಾವತ್ತೂ ಮನೇಲೇ ಇದ್ರು. ಶಾಲೆ ಬಿಟ್ಟು ಬೀದಿ ತಿರುವಿಗೆ ಬಂದ್ರೆ ಸಾಕು, ಬಾಗಿಲಲ್ಲಿ ನಿಂತಿರ್ತಿದ್ರು. ನನ್ನನ್ನ ಕಂಡ ಕೂಡಲೇ ಕೈ ಎತ್ತೋರು. ಆ ಕೈ ನೋಡಿದ್ರೆ ನನಗೆ ಲೋಕಾನೇ ಗೆದ್ದ ಹಾಗೆ. ನನ್ನ ಮಗಳಿಗೆ ಆ ಬಾಗಿಲು ಖಾಲಿ."

ಚಪ್ಪಾಳೆ ಬಿತ್ತು. ಬಲಗಡೆಯ ಹೆಂಗಸರು ತಿರುಗಿ ನನ್ನನ್ನು ನೋಡಿ ಮೆಚ್ಚುಗೆಯಿಂದ ತಲೆದೂಗಿದರು. ಎಡತುದಿಯ ಕುರ್ಚಿಯಲ್ಲಿ ಮೊಳೆಯ ಕತ್ತು ಇನ್ನಷ್ಟು ಕೆಳಗಿಳಿಯಿತು. ತನ್ನ ಮನೆಯ ಬಾಗಿಲು ಖಾಲಿ ಎಂಬುದನ್ನು ಆ ಮಗು ತನ್ನ ಅಪ್ಪನ ಬಾಯಿಂದ, ತನ್ನ ತರಗತಿಯ ಎಲ್ಲರ ಮುಂದೆ, ಧ್ವನಿವರ್ಧಕವಿಲ್ಲದೆಯೇ ಸ್ಪಷ್ಟವಾಗಿ ಕೇಳಿತು. ಮಕ್ಕಳಿಗೆ ಆತ್ಮವಿಶ್ವಾಸ ತುಂಬುವ ಕಾರ್ಯಕ್ರಮವಂತೆ ಅದು.

ಮೊಳೆ ಇತ್ತೀಚೆಗೆ ತರಗತಿಯಲ್ಲಿ ಬಾಯಿಯನ್ನೇ ತೆರೆಯುತ್ತಿಲ್ಲವಲ್ಲ, ಅದು ಏಕೆಂದು ನೀನು ಒಂದು ದಿನವಾದರೂ ಅವಳನ್ನೇ ಕೇಳಿದೆಯಾ? ತಾಯಿ ಕೆಲಸಕ್ಕೆ ಹೋಗುವುದೇ ಕಾರಣವೆಂದು ಶಾಲೆಯವರು ಹೇಳಿದರು, ಸಲಹೆಗಾರರು ಹೇಳಿದರು, ನೀನು ನಂಬಿದೆ. ನಾನು ಅವಳನ್ನೇ ಕೇಳಿದೆ. ಕೇಳಿ, ಉತ್ತರಕ್ಕಾಗಿ ಕಾದೆ. ನಡೆದದ್ದು ಇಷ್ಟು.

ಕರಡು ತಿದ್ದುವುದು ಇಬ್ಬರ ಕೆಲಸವೆಂಬುದು ನಿನಗೆ ನೆನಪಿರಬಹುದು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು, ಕೇಳುತ್ತಾ ತಿದ್ದುತ್ತಾರೆ. ಓದುವವರು ಪದಗಳನ್ನು ಓದಿದರೆ ಸಾಲದು, ಚಿಹ್ನೆಗಳನ್ನೂ ಓದಬೇಕು. ‘ಮಾನ್ಯರೇ ಅಲ್ಪವಿರಾಮ ನಿಮ್ಮ ಪತ್ರ ತಲುಪಿತು ಪೂರ್ಣವಿರಾಮ’ ಎಂದು, ಒಂದೇ ಸಮನೆ, ಏರಿಳಿತವಿಲ್ಲದೆ. ಈಗಲೂ ಹಳೆಯ ಪರಿಚಯದವರು ಆಗೊಮ್ಮೆ ಈಗೊಮ್ಮೆ ಪುಸ್ತಕದ ಕರಡು ಕಳುಹಿಸುತ್ತಾರಲ್ಲ, ಆಗ ಮೊಳೆಯೇ ನನಗೆ ಓದುಗಾರ್ತಿ. ಶಾಲೆಯಿಂದ ಬಂದು ಮಂಚದ ತುದಿಯಲ್ಲಿ ಕಾಲು ಮಡಿಚಿ ಕುಳಿತು ಓದುತ್ತಾಳೆ. ನನ್ನ ಕಾಲದ ಎಷ್ಟೋ ಓದುಗಾರರಿಗಿಂತ ಚೆನ್ನಾಗಿ ಓದುತ್ತಾಳೆ.

ಆ ಚೆನ್ನಾದ ಓದನ್ನು ಕೇಳಿಯೇ ಶಿಕ್ಷಕಿ ಶಾಲೆಯ ಸಮಾರಂಭದಲ್ಲಿ ಸ್ವಾಗತಪತ್ರ ಓದಲು ಅವಳನ್ನು ಆರಿಸಿದಳು. ಮೊಳೆಗೆ ಭಯವೇನೂ ಇರಲಿಲ್ಲ. ವೇದಿಕೆಯ ಮೇಲೆ ಹಾಳೆ ಹಿಡಿದಳು. ಹಾಳೆ ಕಂಡೊಡನೆ ನಾಲಿಗೆ ಮನೆಯ ರೂಢಿಗೆ ಹೊರಳಿತು. ‘ಗೌರವಾನ್ವಿತ ಅತಿಥಿಗಳೇ ಅಲ್ಪವಿರಾಮ’ ಎಂದು ತೊಡಗಿ, ಜನ ನಗುವುದೇಕೆಂದು ತಿಳಿಯದೆ, ನಗು ಹೆಚ್ಚಿದಷ್ಟೂ ದನಿ ಏರಿಸಿ, ಕೊನೆಯ ಪೂರ್ಣವಿರಾಮದವರೆಗೂ ಓದಿಯೇ ಇಳಿದಳು. ಮರುದಿನದಿಂದ ತರಗತಿಯಲ್ಲಿ ಅವಳ ಹೆಸರು ಅಲ್ಪವಿರಾಮ. ಅಂದಿನಿಂದ ಹಾಜರಿ ಕೂಗಿದಾಗಲೂ ಅವಳು ಬಾಯಿ ತೆರೆಯುವುದಿಲ್ಲ. ಕೈ ಮಾತ್ರ ಎತ್ತುತ್ತಾಳೆ.

ಈಗ ಹೇಳು. ಅವಳು ನಗೆಪಾಟಲಾದದ್ದು ಕೆಲಸಕ್ಕೆ ಹೋದ ತಾಯಿಯಿಂದಲೋ, ಮನೆಯಲ್ಲೇ ಕುಳಿತಿದ್ದ ಅಜ್ಜಿಯಿಂದಲೋ? ನಿನ್ನ ಸಲಹೆಗಾರರನ್ನು ಕೇಳು, ನನ್ನನ್ನು ಯಾವ ಕಂಬಕ್ಕೆ ಕಟ್ಟುತ್ತಾರೆಂದು.

ಅವಳಿಗೆ ಬೆಂಬಲವಿಲ್ಲವೆಂದು ಹೇಳಿದೆಯಲ್ಲ. ಆ ಅಡ್ಡಹೆಸರು ಬಿದ್ದ ಸಂಜೆ ಸೊಸೆ ಪಾಳಿ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ, ಗೋಡೆಗೆ ಮುಖ ಮಾಡಿ ಮಲಗಿದ್ದ ಮಗಳ ಪಕ್ಕದಲ್ಲಿ ಕುಳಿತಳು. ಸಮಾಧಾನ ಹೇಳಲಿಲ್ಲ. ತನ್ನ ಕಥೆ ಹೇಳಿದಳು.

"ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಏನು ಮಾಡಿದ್ದೆ ಗೊತ್ತಾ? ಎಡಗಾಲು ಮುರ್ಕೊಂಡು ಬಂದವನಿಗೆ ಬಲಗಾಲಿನ ಎಕ್ಸ್‌ರೇ ತೆಗೆದು ಕೊಟ್ಟಿದ್ದೆ. ಡಾಕ್ಟರು ಅದನ್ನ ನೋಡಿ, ಕಾಲು ಕಬ್ಬಿಣದ ಹಾಗಿದೆ, ಎದ್ದು ನಡಿ ಅಂದ್ಬಿಟ್ರು. ಅವನು ಪಾಪ, ನಡೆಯೋಕೂ ನೋಡ್ದ. ಆಸ್ಪತ್ರೆ ತುಂಬಾ ನನಗೆ ಬಲಗಾಲು ಅಂತಲೇ ಹೆಸರು. ಈಗಲೂ ಒಬ್ಬಿಬ್ರು ಕರೀತಾರೆ."

ಮಗು ಮೊದಲು ಗೋಡೆಯ ಕಡೆಯೇ ನಕ್ಕಿತು, ಆಮೇಲೆ ಈ ಕಡೆ ತಿರುಗಿ ನಕ್ಕಿತು. ಆ ವಾರದಲ್ಲೆಲ್ಲ ಅವಳು ನಕ್ಕದ್ದು ಆಗ ಮಾತ್ರ. ತಪ್ಪು ಮಾಡಿ, ನಗೆಪಾಟಲಾಗಿ, ಮರುದಿನ ಅದೇ ಬಾಗಿಲಿನಿಂದ ಒಳಗೆ ಹೋಗಿ, ಕೊನೆಗೆ ಅದೇ ವಿಭಾಗಕ್ಕೆ ಮುಖ್ಯಸ್ಥೆಯಾದ ಹೆಂಗಸಿನ ಕಥೆಯನ್ನು ನನ್ನಿಂದ ಹೇಳಲಾಗುತ್ತಿತ್ತೇ? ನನ್ನ ಬಳಿ ಅಂಥ ಕಥೆ ಇಲ್ಲ. ನೀನಂತೂ ಆ ಹೊತ್ತಿಗೆ ಯಾವ ಊರಿನಲ್ಲಿ, ಯಾವ ತೂಕದ ಯಂತ್ರದ ಮುಂದೆ ಬಗ್ಗಿ ನಿಂತಿದ್ದೆಯೋ.

ಇನ್ನು ನೀನು ಕೊಟ್ಟ ಸಾಕ್ಷ್ಯದ ವಿಚಾರ. ಅಮ್ಮ ಯಾವತ್ತೂ ಮನೆಯಲ್ಲೇ ಇದ್ದರು ಎಂದೆ. ನೀನು ನಾಲ್ಕನೆಯ ತರಗತಿಗೆ ಬರುವವರೆಗೆ ನಾನು ಅಚ್ಚುಕೂಟದಲ್ಲಿದ್ದೆ. ಆಗಿನ ನಮ್ಮ ಮನೆ ಬೀದಿಯ ಈ ತುದಿಗೆ, ಅಚ್ಚುಕೂಟ ಆ ತುದಿಗೆ, ನಡುವೆ ನಿನ್ನ ಶಾಲೆ. ಚಿಕ್ಕ ತರಗತಿಗಳು ಮಧ್ಯಾಹ್ನವೇ ಬಿಡುತ್ತಿದ್ದವು. ನೀನು ನೇರ ನನ್ನ ಬಳಿಗೆ ಬರುತ್ತಿದ್ದೆ. ಕಾಗದದ ಕಟ್ಟುಗಳನ್ನು ಏರಿ ಕೂರುತ್ತಿದ್ದೆ. ಮುದ್ರಣಯಂತ್ರ ಓಡುವಾಗ ಆ ಮನೆಯೇ ನಡುಗುತ್ತಿತ್ತು. ಮಾತು ಕೇಳಿಸಬೇಕಾದರೆ ಕೂಗಬೇಕು. ಯಂತ್ರ ನಡೆಸುವವನು ನಿನ್ನನ್ನು ಕಂಡೊಡನೆ, "ಬನ್ನಿ ಮರಿ ಸಾಹೇಬ್ರೇ, ಇವತ್ತೇನು ಕಲಿಸಿದ್ರು? ಜೋರಾಗಿ ಹೇಳಿ, ನನ್ನ ಕಿವಿ ಮೆಷಿನ್ನಿಗೆ ಬರ್ಕೊಟ್ಟಿದೀನಿ" ಎನ್ನುತ್ತಿದ್ದ. ನೀನು ಮಗ್ಗಿಯನ್ನೂ ಪದ್ಯವನ್ನೂ ಆ ಸದ್ದಿನ ಮೇಲೆ ಕೂಗುತ್ತಿದ್ದೆ. ಅಚ್ಚುಮೊಳೆ ಜೋಡಿಸುವವರು ಕೈ ನಿಲ್ಲಿಸಿ ಕೇಳುತ್ತಿದ್ದರು. ನನಗೆ ಓದಿ ಹೇಳುತ್ತಿದ್ದ ಗೆಳತಿ ನೆನಪಿದ್ದಾಳೆಯೇ, ನೀನು ದಪ್ಪ ಕನ್ನಡಕದ ಅತ್ತೆ ಎನ್ನುತ್ತಿದ್ದೆಯಲ್ಲ? ನೀನು ಒಂದು ಸಾಲು ಮರೆತರೆ ಅವಳು ಒಳಕೋಣೆಯಿಂದಲೇ ಎತ್ತಿಕೊಡುತ್ತಿದ್ದಳು. ಇಂದು ಧ್ವನಿವರ್ಧಕ ಬೇಡವೆನ್ನುವ ಗಂಟಲು ತಯಾರಾದದ್ದು ಅಲ್ಲಿ, ದುಡಿಯುವ ತಾಯಿಯ ಕೆಲಸದ ಮನೆಯಲ್ಲಿ, ಹತ್ತು ಮಂದಿ ಬೇರೆಯವರ ನಡುವೆ.

ನಾಲ್ಕನೆಯ ತರಗತಿಯ ಮೊದಲ ಪರೀಕ್ಷೆಯಲ್ಲೇ ನಿನಗೆ ಗಣಿತದಲ್ಲಿ ಅಂಕ ಕಡಿಮೆಯಾಯಿತು. ಮುಖ್ಯೋಪಾಧ್ಯಾಯರು ನಿನ್ನ ತಂದೆಯವರನ್ನು ಕರೆಸಿ ಮಗುವಿಗೆ ಮನೆಯಲ್ಲಿ ತಾಯಿ ಬೇಕು ಎಂದರಂತೆ. ನಿನ್ನ ತಂದೆಯವರು ಮನೆಗೆ ಬಂದು ಜಗಳವಾಡಲಿಲ್ಲ. ತೀರಿಕೊಳ್ಳುವವರೆಗೂ ಅವರು ಯಾರೊಡನೆಯೂ ಜಗಳವಾಡಿದವರಲ್ಲ. ಊಟ ಮಾಡುತ್ತಾ, "ನಿನ್ನ ಇಷ್ಟ. ಆದ್ರೆ ಮಗು ಮುಖ್ಯ ಅಲ್ವಾ?" ಎಂದರು. ಅಷ್ಟೇ. ಅಂಥ ಮಾತಿಗೆ ಯಾವ ತಾಯಿ ಉತ್ತರ ಕೊಟ್ಟಾಳು? ಅಚ್ಚುಕೂಟ ಬಿಟ್ಟೆ.

ಸಭೆಯ ದಿನ ಊಟದ ಮೇಜಿನಲ್ಲಿ ನೀನು ಸೊಸೆಗೆ ಹೇಳಿದೆ: ನಿನ್ನ ಇಷ್ಟ, ಆದ್ರೆ ಮಗು ಮುಖ್ಯ ಅಲ್ವಾ? ಅದೇ ಪದಗಳು, ಅದೇ ಮೆದುವಾದ ದನಿ, ತಟ್ಟೆಯಿಂದ ತಲೆ ಎತ್ತದೆ. ಆಗ ನೀನು ನಾಲ್ಕನೆಯ ತರಗತಿಯ ಹುಡುಗ, ಪಕ್ಕದ ಕೋಣೆಯಲ್ಲಿ ಮಲಗಿದ್ದೆ, ಕೇಳಿಸಿಕೊಂಡಿರಲಾರೆ. ಹಾಗಾದರೆ ಈ ಮಾತನ್ನು ನಿಮಗೆಲ್ಲ ಯಾರು ಕಲಿಸುತ್ತಾರೆ? ನಾನು ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ, ನೀರು ಚೆಲ್ಲಿತು. "ಅಮ್ಮನಿಗೆ ವಯಸ್ಸಾಯ್ತು" ಎಂದು ನೀನು ಲೋಟವನ್ನು ಆಚೆಗೆ ತೆಗೆದಿಟ್ಟೆ.

ನಾನು ಮನೆಯಲ್ಲಿ ಕುಳಿತೆನಲ್ಲ, ನೀನು ಮನೆಯಲ್ಲಿದ್ದೆಯಾ? ಚೀಲ ಎಸೆದು ಆಟಕ್ಕೆ ಓಡಿದವನು ಹೊಟ್ಟೆ ಕರೆದಾಗ ಬರುತ್ತಿದ್ದೆ. ಅದು ತಪ್ಪೆಂದು ಹೇಳುತ್ತಿಲ್ಲ. ಆ ವಯಸ್ಸಿನ ಹುಡುಗ ಆಡಬೇಕಾದದ್ದೇ. ಗಣಿತದ ಅಂಕ ಮಾತ್ರ ಇದ್ದಲ್ಲಿಂದ ಕದಲಲಿಲ್ಲ.

ಸೊಸೆ ಬರುವ ಹೊತ್ತಾಯಿತು. ನಾನು ಬರೆಯುತ್ತಿರುವುದನ್ನು ಅವಳು ನೋಡುವುದು ಬೇಡ. ಇಲ್ಲಿಗೆ ನಿಲ್ಲಿಸುತ್ತೇನೆ.

ಶನಿವಾರ, ಹದಿಮೂರನೆಯ ತಾರೀಖು
ಸಂಜೆ

ಎರಡು ದಿನ ಬಿಟ್ಟು ಮುಂದುವರಿಸುತ್ತಿದ್ದೇನೆ. ಸಿಟ್ಟು ಆರಿರಬಹುದೆಂದು ಮೇಲಿನದನ್ನು ಓದಿ ನೋಡಿದೆ. ಆರಿಲ್ಲ.

ಸೊಸೆ ನಿನಗೆ ಹೇಳಿದ ಸುಳ್ಳನ್ನು ನಿಜ ಮಾಡಿಬಿಡೋಣವೆಂದು ಇಂದು ಬೆಳಗ್ಗೆ ನನ್ನ ಮೊಣಕಾಲಿನ ಚಿತ್ರ ತೆಗೆಸಲು ಅವಳ ಆಸ್ಪತ್ರೆಗೆ ಹೋದೆ. ಸಿಬ್ಬಂದಿಯ ಬಸ್ಸಿನಲ್ಲಿ ನನಗೂ ಮೊಳೆಗೂ ಜಾಗ ಕೊಡಿಸಿದಳು, ಶಾಲೆಗೆ ರಜೆಯಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳು ಕೆಲಸ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ. ನೀನು ನೋಡಿದ್ದೀಯಾ?

ಉದ್ದನೆಯ ಓಣಿಯಂಥ ಮೊಗಸಾಲೆ. ಎರಡೂ ಗೋಡೆಗೆ ಬೆಂಚುಗಳು. ಕೈ ಕಟ್ಟಿಸಿಕೊಂಡವರು, ಕಾಲು ಎತ್ತಿಕೊಂಡವರು, ಅವರೊಡನೆ ಬಂದು ಅವರಿಗಿಂತ ಹೆಚ್ಚು ನರಳುವವರು. ನಾವು ತುದಿಯಲ್ಲಿ ಕುಳಿತೆವು. ಮಣಿಕಟ್ಟು ಊದಿಸಿಕೊಂಡ ಒಬ್ಬ ಗಡವ ಸರತಿ ತಪ್ಪಿಸಿ ಮುಂದೆ ನುಗ್ಗಿ, ಬಾಗಿಲಲ್ಲಿದ್ದ ಸಹಾಯಕಿಯನ್ನು ಗದರಿಸತೊಡಗಿದ. ಒಳಗಿನಿಂದ ಸೊಸೆ ಹೊರಗೆ ಬಂದಳು. ಮನೆಯಲ್ಲಿ ನಿನ್ನ ಮುಂದೆ ಉಪ್ಪು ಬೇಕೇ ಎಂದು ಪಿಸುದನಿಯಲ್ಲಿ ಕೇಳುವವಳೇ ಇವಳು ಎಂದು ನನಗೆ ಅನುಮಾನವಾಯಿತು.

"ಯಾರ್ರೀ ಅದು ನೂಕ್ತಿರೋದು? ಊದಿರೋದು ನಿಮ್ಮ ಕೈ, ಬಾಯಲ್ಲ. ಹೋಗಿ ಕೂತ್ಕೊಳ್ಳಿ. ನಿಮ್ಮ ಸರದಿ ಬಂದಾಗ ನಾನೇ ಕರೀತೀನಿ."

ಅವನು ಹೋಗಿ ಕುಳಿತ. ಅವಳು ಅದೇ ಉಸಿರಿನಲ್ಲಿ, ಅಳುತ್ತಿದ್ದ ಒಂದು ಕೂಸನ್ನು ಎತ್ತಿಕೊಂಡು, ಏನೋ ಗುಟ್ಟು ಹೇಳುತ್ತಾ ಒಳಗೆ ನಡೆದಳು. ಕೂಸು ಹೊರಗೆ ಬಂದಾಗ ಅಳುತ್ತಿರಲಿಲ್ಲ. ನನ್ನ ಸರದಿ ಬಂದಾಗ ತಣ್ಣನೆಯ ಮೇಜಿನ ಮೇಲೆ ಮಲಗಿಸಿ ಮೊಣಕಾಲನ್ನು ಓರೆ ಮಾಡಿದಳು. ಇನ್ನೊಂದಿಷ್ಟು ಈ ಕಡೆ ಇಡಲೇ ಎಂದೆ. "ಅಲುಗಾಡ್ಬೇಡಿ ಅತ್ತೆ. ಇಲ್ಲಿ ನಾನು ಹೇಳಿದ ಹಾಗೆ" ಎಂದಳು. ಅಲುಗಾಡಲಿಲ್ಲ. ನನಗೆ ಹಾಗೆ ಹೇಳಿದವರು ಈ ವಯಸ್ಸಿನಲ್ಲಿ ಯಾರೂ ಇಲ್ಲ, ನೀನೂ ಸೇರಿ. ಚಿಕ್ಕ ವಯಸ್ಸಿನ ಇಬ್ಬರು ಒಬ್ಬರ ಹಿಂದೊಬ್ಬರು ಬಂದು, ಇದು ಸರಿಯಿದೆಯೇ, ಇನ್ನೊಮ್ಮೆ ತೆಗೆಯಬೇಕೇ ಎಂದು ಅವಳಿಗೆ ತೋರಿಸಿ ಹೋಗುತ್ತಿದ್ದರು. ಅವಳು ಒಂದು ನೋಟ ನೋಡಿ ಬೆರಳಿನಲ್ಲೇ ಹೇಳುತ್ತಿದ್ದಳು.

ಮೊಳೆ ಬೆಂಚಿನ ಮೇಲೆ ಕುಳಿತು ಅಷ್ಟನ್ನೂ ನೋಡಿದಳು. ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕುಳಿತು ಕೇಳಿದಳು.

"ಅಮ್ಮಾ, ನೀನು ಕೆಲಸ ಬಿಟ್ರೆ ಆ ಥರ ಮಾತಾಡೋದು ಎಲ್ಲಿ?"

ಸೊಸೆ ಕಿಟಕಿಯ ಕಡೆ ತಿರುಗಿದಳು. ಮನೆಗೆ ಬಂದು, ಕೈಕಾಲು ತೊಳೆದು, ಚೀಲದಿಂದ ಆ ಕಾಗದವನ್ನು ತೆಗೆದು ನನ್ನ ಮುಂದೆ ನಿಂತಳು. ನಾನು ಅದನ್ನು ಮುಟ್ಟಲಿಲ್ಲ. ಹರಿದು ಹಾಕು ಎಂದೂ ಹೇಳಲಿಲ್ಲ. ಒಬ್ಬರು ಬಿಡು ಎಂದರು, ಇನ್ನೊಬ್ಬರು ಬಿಡಬೇಡ ಎಂದರು ಎಂದು ಅವಳ ಬದುಕು ನಡೆಯುವುದು ನನಗೆ ಬೇಡ. ಅವಳೇ ಹೇಳಿದಳು:

"ಸೋಮವಾರ ಇದನ್ನ ಕೊಡಲ್ಲ ಅತ್ತೆ. ಅವರು ಬರಲಿ. ಮೊದಲು ಮಗಳನ್ನ ಕೇಳಲಿ, ಆಮೇಲೆ ನನ್ನನ್ನ ಕೇಳಲಿ. ನಿಮ್ಮನ್ನ ಮಾತ್ರ ಮಧ್ಯೆ ತರೋದು ಬೇಡ."

ನನ್ನನ್ನು ನಡುವೆ ತಂದದ್ದು ಅವಳಲ್ಲ, ನೀನು. ಆದ್ದರಿಂದ ನನ್ನ ಮಾತನ್ನೂ ಕೇಳಿಕೋ. ಬಂದವನು ಆ ಶಾಲೆಗೆ ಹೋಗಬೇಕು. ಧ್ವನಿವರ್ಧಕ ಬೇಕಾದರೆ ಇಟ್ಟುಕೋ, ಬೇಡವಾದರೆ ಬಿಡು. ನನ್ನ ಹೆಸರಿನಲ್ಲಿ ಹೇಳಿದ್ದನ್ನು, ಹೇಳಿದ ಜಾಗದಲ್ಲೇ, ಕೇಳಿದ ಮಕ್ಕಳ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಬಾಗಿಲಲ್ಲಿ ಯಾರಾದರೂ ನಿಲ್ಲಲೇಬೇಕು ಎಂದಿದ್ದರೆ ನೀನು ನಿಲ್ಲು. ನಿನ್ನ ಸುತ್ತಾಟ ಕಡಿಮೆ ಮಾಡಲು ಸಾಧ್ಯವೆಂದು ಹಿಂದೊಮ್ಮೆ ನೀನೇ ಹೇಳಿದ್ದೆ. ಮೇಲಿನ ಹುದ್ದೆ ತಪ್ಪುತ್ತದೆಂದು ಬೇಡವೆಂದೆ. ನಿನ್ನ ಹುದ್ದೆಯ ಮಾತು ಬಂದಾಗ ಮಗು ಮುಖ್ಯ ಅಲ್ಲವೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ದಿನವೂ ತೂಕದ ಯಂತ್ರಗಳ ತಪ್ಪು ಹಿಡಿಯುವವನು ನಿನ್ನ ಮನೆಯ ತಕ್ಕಡಿಯನ್ನೂ ಒಮ್ಮೆ ನೋಡು.

ಇನ್ನೊಂದು ಸಣ್ಣ ಸುದ್ದಿ. ಈಗಷ್ಟೇ ಮೊಳೆ ನನ್ನ ಕೋಣೆಗೆ ಬಂದು ಕರಡಿನ ಹಾಳೆಗಳನ್ನು ಎತ್ತಿಕೊಂಡಳು. ಸಮಾರಂಭದ ದಿನದಿಂದ ಅವುಗಳನ್ನು ಮುಟ್ಟಿರಲಿಲ್ಲ. "ಅಜ್ಜಿ, ಮೊದಲು ನಿಮ್ಮ ಥರ ಓದ್ತೀನಿ, ಆಮೇಲೆ ಜನರ ಥರ ಓದ್ತೀನಿ. ಎರಡೂ ಬರ್ಬೇಕು ನನಗೆ" ಎಂದಳು. ಎರಡು ಪುಟ ಓದಿದಳು. ಜನರ ಥರ ಓದುವಾಗ ಎರಡು ಕಡೆ ಅಲ್ಪವಿರಾಮ ಬಾಯಿಗೆ ಬಂತು, ತಾನೇ ನಕ್ಕಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಣ್ಣೀರಿನಲ್ಲಿ ತಲೆ ತೊಳೆಯಬೇಡ, ನಿನಗೆ ಆಗುವುದಿಲ್ಲ. ನೀನು ಕೆಟ್ಟವನಲ್ಲವೆಂದು ನನಗೆ ಗೊತ್ತು. ಗೊತ್ತಿರುವುದರಿಂದಲೇ ಸಿಟ್ಟು ಇಷ್ಟು ದಿನ ನಿಂತಿದೆ. ನಿನಗೆ ಆಯುಸ್ಸೂ ಆರೋಗ್ಯವೂ ಇರಲಿ, ಅವುಗಳೊಡನೆ ಕೇಳುವ ಕಿವಿಯೂ ಇರಲಿ ಎಂದು ಹರಸುವ,

ನಿನ್ನ ಅಮ್ಮ

ಹಿಂಬರಹ: ಲಕೋಟೆಯನ್ನು ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಬಾಗಿಲಲ್ಲಿ ಕೈ ಎತ್ತುತ್ತಿದ್ದ ವಿಷಯವನ್ನು ಬರೆಯಬಾರದೆಂದಿದ್ದೆ. ಅದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಬೈಗುಳವಾಗುತ್ತದೆ.

ನಾನು ನಿಂತಿರುತ್ತಿದ್ದುದು ನಿಜ, ಕೈ ಎತ್ತುತ್ತಿದ್ದುದೂ ನಿಜ. ನಾಲ್ಕನೆಯ ತರಗತಿಯಿಂದ ನಿನ್ನ ಶಾಲೆ ಸಂಜೆ ಬಿಡತೊಡಗಿತು. ಅಚ್ಚುಕೂಟವೂ ಅದೇ ಹೊತ್ತಿಗೆ ಬಿಡುತ್ತಿತ್ತು. ನೀನು ಮುಂದೆ ಬರುತ್ತಿದ್ದೆ. ನಿನ್ನ ಹಿಂದೆ ಅವರೆಲ್ಲ ಬರುತ್ತಿದ್ದರು, ಬೆರಳಿನ ಮಸಿಯನ್ನು ಒರೆಸಿಕೊಳ್ಳುತ್ತಾ, ಒಬ್ಬರನ್ನೊಬ್ಬರು ಗೇಲಿ ಮಾಡುತ್ತಾ. ದಪ್ಪ ಕನ್ನಡಕದವಳು ತಿರುವಿನಲ್ಲಿ ನನ್ನ ಕಡೆ ಕೈ ಎತ್ತುತ್ತಿದ್ದಳು. ನಾನೂ ಎತ್ತುತ್ತಿದ್ದೆ. ನಿಂತು ಮಾತನಾಡಿದರೆ ಅಳು ಬಂದೀತೆಂದು ಅವಳು ನಿಲ್ಲುತ್ತಿರಲಿಲ್ಲ, ನಾನು ಕರೆಯುತ್ತಿರಲಿಲ್ಲ. ನನ್ನ ಕೈ ನಿನ್ನ ತಲೆಯ ಮೇಲಿನಿಂದ ಆಚೆಗೆ ಹೋಗುತ್ತಿತ್ತು, ಮಗನೇ. ನೀನು ಓಡಿಬಂದು ನನ್ನ ಕಾಲ ಬಳಿ ಚೀಲ ಎಸೆದು ಆಟಕ್ಕೆ ಹೋದ ಮೇಲೂ ನಾನು ಬೀದಿಯನ್ನೇ ನೋಡುತ್ತಿದ್ದೆ. ನಿನ್ನ ಮೇಲೆ ಪ್ರೀತಿ ಇರಲಿಲ್ಲವೆಂದು ತಿಳಿಯಬೇಡ; ಇತ್ತು, ಬೇಕಾದಷ್ಟಿತ್ತು. ಆ ಕೈ ಮಾತ್ರ ನಿನ್ನದಲ್ಲ. ನೀನು ಅದನ್ನು ನಿನ್ನದೆಂದು ತಿಳಿದು ಧೈರ್ಯ ಪಡೆದಿದ್ದರೆ ಇಟ್ಟುಕೋ, ನಾನು ಕೇಳುವುದಿಲ್ಲ. ಅದನ್ನು ತೋರಿಸಿ ಇನ್ನೊಬ್ಬಳನ್ನು ಬಾಗಿಲಲ್ಲಿ ನಿಲ್ಲಿಸಬೇಡ.

ಸೊಸೆ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಳೆಂದುಕೋ. ಆಸ್ಪತ್ರೆಯ ಸಿಬ್ಬಂದಿಯ ಬಸ್ಸು ಈಗಿನ ನಮ್ಮ ಬೀದಿಯಲ್ಲೇ ಹಾದುಹೋಗುತ್ತದೆ. ಸಂಜೆ, ಮೊಳೆ ಶಾಲೆಯಿಂದ ಮನೆಗೆ ನಡೆದು ಬರುವ ಹೊತ್ತಿಗೆ.